ಓಸ್ಲೋಗೆ ಹೊರಟ ಮಗಳಿಗೆ

ಪುಟ್ಟಿ,

ನಿನ್ನೆ ಊಟಕ್ಕೆ ಕೂತಾಗ ನಾನು ಫ್ಲೋರಿಡಾದ ಡಿಸ್ನಿ ಪಾರ್ಕ್ ಎಪ್ಕಾಟ್‌ನ ನಾರ್ವೆ ವಿಭಾಗದ ಮಾತೆತ್ತಿದ್ದಕ್ಕೆ "ಅಪ್ಪಾ, ಅದು ಬರೀ ಸೆಟ್, ನಾರ್ವೆ ಅಲ್ಲ" ಅಂದು ಎದ್ದು ಹೋದೆ. ಗುರುವಾರ ವಿಮಾನ ಹತ್ತುತ್ತೀಯ. ಎದುರಿಗೆ ಮಾತಾಡಿದರೆ ಮತ್ತೆ ಜಗಳ, ಅದಕ್ಕೇ ಬರೆಯುತ್ತಿದ್ದೇನೆ.

ಸೆಟ್ಟೇ, ಸರಿ. ಎಪ್ಕಾಟ್‌ನಲ್ಲಿರುವ ಆ ಮರದ ಚರ್ಚು ನಾರ್ವೆಯ ಗೋಲ್ ಊರಿನ ಚರ್ಚಿನ ನಕಲು. ಆದರೆ ಆರ್ಕಿಟೆಕ್ಚರ್ ಓದುವವಳೇ, ಅಸಲಿಯೂ ಈಗ ಗೋಲ್‌ನಲ್ಲಿಲ್ಲ. 1880ರ ದಶಕದಲ್ಲೇ ಅದನ್ನು ಬಿಚ್ಚಿ ಓಸ್ಲೋಗೆ ತಂದು ನಿಲ್ಲಿಸಿದರು. ಊರಿನವರು ಆಮೇಲೆ ತಾವೂ ಒಂದು ನಕಲು ಕಟ್ಟಿಕೊಂಡರು. ಅವರಿಗೂ ಹೀಗೇ ಹೇಳ್ತೀಯಾ?

ನನಗೆ ಅಲ್ಲಿ ನೆನಪಿರುವುದು ಮಾತ್ರ ಚರ್ಚಲ್ಲ, ಮೇಲ್‌ಸ್ಟ್ರಾಮ್ ಅನ್ನೋ ದೋಣಿ ಸವಾರಿ. ನೀನು, ಅಮ್ಮ ಕೊನೇ ಸಾಲಿನಲ್ಲಿ ಕೂತಿದ್ದಿರಿ. ನಿನ್ನ ತಮ್ಮ ಸ್ಟ್ರೋಲರ್‌ನಲ್ಲಿ ನಿದ್ದೆ ಹೋಗಿದ್ದ, ನಾನು ಹೊರಗೇ ಉಳಿದೆ. ಒಳಗೆ ಮೂರು ತಲೆಯ ಟ್ರೋಲ್ ರಾಕ್ಷಸ ಗದರಿಸಿದ ಮೇಲೆ ದೋಣಿ ಹಿಂದಕ್ಕೆ ಓಡುತ್ತಿತ್ತಲ್ಲ, ಆಗ ಅದರ ಹಿಂಭಾಗ ಗೋಡೆಯ ಕಿಂಡಿಯಿಂದ ಒಂದು ಗಳಿಗೆ ಹೊರಗೆ ಇಣುಕುತ್ತಿತ್ತು. ನಿನ್ನ ಎರಡು ಜಡೆ, ಕೆಂಪು ರಿಬ್ಬನ್, ಅಂಚನ್ನು ಬಿಗಿಯಾಗಿ ಹಿಡಿದ ಕೈ ಕಂಡವು. ಕೂಗಿದೆ. ನೀರಿನ ಸದ್ದಿಗೆ ನಿನಗೆ ಕೇಳಿಸಲಿಲ್ಲ. ದೋಣಿ ಒಳಗೆ ಹೋಗೇಬಿಟ್ಟಿತು. ಮುಂದೆ ಒಂದು ಇಳಿಜಾರಿದೆ ಅಂತ ನನಗೆ ಗೊತ್ತಿತ್ತು. ಕೊನೆಯಲ್ಲಿ ತೋರಿಸೋ ಸಿನಿಮಾ ನೋಡದೆಯೂ ಹೊರಬರಬಹುದಿತ್ತು, ಆದರೆ ನಿನಗೆ ಅದೂ ಬೇಕಿತ್ತು. ಅಲ್ಲಿಯವರೆಗೂ ನಾನು ಸ್ಟ್ರೋಲರ್ ತಳ್ಳಿಕೊಂಡು ಕಿಂಡಿಗೂ ಬಾಗಿಲಿಗೂ ಓಡಾಡಿದೆ. ಪ್ರತಿ ದೋಣಿ ಇಣುಕಿದಾಗಲೂ ಜಡೆ ಹುಡುಕಿದೆ, ನೀನು ಇಳಿದು ಎಷ್ಟೋ ಹೊತ್ತಾಗಿದ್ದರೂ. ನಗಬೇಡ. ನೀನು ಬಂದವಳೇ ಕೇಳಿದ್ದು ಕೊಬ್ಬರಿ ಹಚ್ಚಿದ ಆ ಸ್ಕೂಲ್ ಬ್ರೆಡ್.

2014ರಲ್ಲಿ ಆ ದೋಣಿ ಸವಾರಿ ಮುಚ್ಚಿದರು. 2016ರಿಂದ ಅದೇ ಕಾಲುವೆಯಲ್ಲಿ ಫ್ರೋಜನ್ ಸಿನಿಮಾದ ದೋಣಿಗಳು. ಅವೂ ಹಿಂದಕ್ಕೆ ಹೋಗುತ್ತವೆ. ನಾನು ಆ ಕಡೆ ನೋಡುವುದಿಲ್ಲ.

ಇನ್ನು, ಓಸ್ಲೋದಲ್ಲಿ ಡಿಸೆಂಬರ್ ಅಂದರೆ ಹಗಲು ಆರೇ ಗಂಟೆ. ಫ್ಲೋರಿಡಾದ ಬಿಸಿಲಲ್ಲಿ ಬೆಳೆದವಳು ನೀನು. ರಾತ್ರಿ ಎರಡಕ್ಕೆ ಮಲಗಿ ಹನ್ನೊಂದಕ್ಕೆ ಎದ್ದರೆ ಇರೋ ಬೆಳಕೂ ಪೂರ್ತಿ ಸಿಗದು. ಉಣ್ಣೆಯ ಒಳಬಟ್ಟೆ ತಗೋ, ಹತ್ತಿ ಬೇಡ. ವಿಟಮಿನ್ ಡಿ ಬಿಡಬೇಡ. ಬೇಜಾರಾದಾಗ ರೂಮಿನ ಬಾಗಿಲು ಹಾಕಿಕೊಂಡು ಕೂರಬೇಡ... ಮತ್ತೆ ಉಪದೇಶ ಶುರುವಾಯಿತು, ಅಲ್ವಾ?

ನಿನಗೆ ಸೀಟು ಸಿಕ್ಕಿದ ದಿನ ಹಾಸನದ ಅತ್ತೆಗೆ ಫೋನ್ ಮಾಡಿ ಕೊಚ್ಚಿಕೊಂಡವನು ನಾನೇ. ನಿನ್ನ ಮುಂದೆ ಫೀಸಿನ ಮಾತೇ ಎತ್ತಿದೆ.

ಅಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ. ಸೂಟ್‌ಕೇಸು ತೂಕ ಜಾಸ್ತಿಯಾದರೆ ಅದನ್ನು ತೆಗೀಬೇಡ, ಪುಸ್ತಕ ತೆಗಿ. ಪೋಸ್ಟಲ್ಲಿ ಕಳಿಸ್ತೀನಿ.

ನಿನ್ನ ಅಪ್ಪ