ನಾಲ್ಕು ಮೊಟ್ಟೆಯ ಸವಾಲು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಬಂದಿತ್ತು. ದಾವಣಗೆರೆಯ ಚರ್ಚೊಂದರ ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿ ಆರು ಸಾವಿರ ರೂಪಾಯಿಗೆ ಹರಾಜಾಯಿತು ಅಂತ. ಫೋಟೋ ಕೂಡ ಇತ್ತು. ಕುಂಬಳಕಾಯಿ ಎತ್ತಿ ಹಿಡಿದವರು ನಗುತ್ತಿದ್ದಾರೆ. ಪಕ್ಕದಲ್ಲಿ ಮೈಕು ಹಿಡಿದವನ ಅರ್ಧ ಮುಖ ಮಾತ್ರ ಕಾಣುತ್ತದೆ. ಆ ಅರ್ಧ ಮುಖ ನನ್ನದು.

ಸುದ್ದಿಯಲ್ಲಿ ತಪ್ಪಿಲ್ಲ. ಆದರೆ ಅವತ್ತು ಅಲ್ಲಿ ಇನ್ನೊಂದು ಸವಾಲೂ, ಅಂದರೆ ಹರಾಜೂ, ನಡೆಯಿತು. ಅದು ನಿಮ್ಮ ವರದಿಗಾರರ ಕಣ್ಣಿಗೆ ಬೀಳಲಿಲ್ಲ. ಅವರನ್ನು ಯಾಕೆ ಅನ್ನಲಿ, ಮೈಕು ಹಿಡಿದಿದ್ದ ನನ್ನ ಕಣ್ಣಿಗೇ ಬೀಳಲಿಲ್ಲ.

ನಾನು 33 ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಜಾಸ್ತಿ ಓಡಾಡಿದ್ದು ಜಗಳೂರು, ಚಿತ್ರದುರ್ಗದ ಕಡೆ. ಗಂಟಲು ದೊಡ್ಡದು. ರಿಟೈರ್ ಆದ ಮೇಲೆ ಚರ್ಚಿನಲ್ಲಿ ಎರಡು ಕೆಲಸ ಸಿಕ್ಕಿತು. ಭಾನುವಾರ ವೇದಪಾಠ ಓದುವುದು, ವರ್ಷಕ್ಕೊಮ್ಮೆ ಹರಾಜು ಕೂಗುವುದು. ಎರಡಕ್ಕೂ ಗಂಟಲು ಒಂದೇ.

ಗೊತ್ತಿಲ್ಲದ ಓದುಗರಿಗೆ ಸುಗ್ಗಿ ಹಬ್ಬದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕೆಲವು ಕಡೆ ಇದನ್ನು ಬೆಳೆ ಹಬ್ಬ ಅಂತಾರೆ. ಆ ಭಾನುವಾರ ಚರ್ಚಿನ ಕಂಬಗಳಿಗೆ ಬಾಳೆಕಂದು, ಕಬ್ಬು ಕಟ್ಟಿರುತ್ತೇವೆ. ಜನ ಸಾಲಾಗಿ ಬಂದು ತೆಂಗಿನಕಾಯಿ, ಅಕ್ಕಿ, ಮೆಕ್ಕೆಜೋಳದ ತೆನೆ, ತರಕಾರಿ ಎಲ್ಲ ಪೀಠದ ಮುಂದೆ ಇಡುತ್ತಾರೆ. ಕಾಲು ಕಟ್ಟಿದ ಹುಂಜವೂ ಬರುತ್ತದೆ. ಅದು ಸರಿಯಾಗಿ ಪ್ರಸಂಗದ ಮಧ್ಯದಲ್ಲೇ ಕೂಗುತ್ತದೆ. ಆಗ ಯಾರೋ ಒಬ್ಬರು ಪಕ್ಕದವರ ಕಿವಿಯಲ್ಲಿ ಪೇತ್ರನ ಜೋಕು ಹೇಳೇ ಹೇಳುತ್ತಾರೆ. ಯೇಸು ಯಾರೋ ನನಗೆ ಗೊತ್ತಿಲ್ಲ ಅಂತ ಪೇತ್ರ ಮೂರು ಸಲ ಸುಳ್ಳು ಹೇಳಿದಾಗ ಕೋಳಿ ಕೂಗಿತಲ್ಲ, ಅದು. ಆರಾಧನೆ ಮುಗಿದ ಮೇಲೆ ತಂದ ಸಾಮಾನನ್ನೆಲ್ಲ ಅಂಗಳದಲ್ಲಿ ಹರಾಜು ಹಾಕುತ್ತೇವೆ. ದುಡ್ಡು ಚರ್ಚಿನ ಖರ್ಚಿಗೆ, ಬಡ ಮಕ್ಕಳ ಫೀಸಿಗೆ ಹೋಗುತ್ತದೆ. ಸವಾಲು ಅನ್ನುವುದು ಈ ಸೀಮೆಯ ನೀರಿನಲ್ಲೇ ಇದೆ. ನಾಯಕನಹಟ್ಟಿ ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹೋಗುವುದನ್ನು ವರ್ಷವರ್ಷ ನಿಮ್ಮಲ್ಲೇ ಓದುತ್ತೇವೆ.

ಈ ಸಲ ಬೆಳಿಗ್ಗೆ ನಾನು ಓದಿದ್ದು ಬೈಬಲ್ಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ. ಹೊಲದ ಮೊದಲ ಫಲವನ್ನು ಪುಟ್ಟಿಯಲ್ಲಿಟ್ಟುಕೊಂಡು ದೇವರ ಮುಂದೆ ಬಾ ಅಂತ ಅಲ್ಲಿದೆ. ಎಷ್ಟು ತರಬೇಕು ಅಂತ ಹೇಳಿಲ್ಲ. ಆದರೆ ತಂದವನು ಏನು ಮಾತಾಡಬೇಕು ಅಂತ ಹೇಳಿದೆ. ನಮ್ಮ ಹಿರಿಯ ಅಲೆಮಾರಿಯಾಗಿದ್ದ, ಐಗುಪ್ತಕ್ಕೆ ಅಂದರೆ ಈಜಿಪ್ಟಿಗೆ ಹೋದೆವು, ಅಲ್ಲಿ ಜೀತ ಮಾಡಿದೆವು, ಕೂಗಿಕೊಂಡೆವು, ದೇವರು ಕೇಳಿಸಿಕೊಂಡ, ಈ ನೆಲ ಕೊಟ್ಟ, ಅದರ ಮೊದಲ ಫಲ ಇದು ಅಂತ. ಅಂದರೆ ಪುಟ್ಟಿಯ ಜೊತೆ ತನ್ನ ಕಥೆಯನ್ನೂ ತರಬೇಕು. ಚೆನ್ನಾಗಿ ಓದಿದೆ ಅಂತ ಚರ್ಚಿನ ಅಯ್ಯನವರು ಆಮೇಲೆ ಹೊಗಳಿದರು.

ಮಧ್ಯಾಹ್ನ ಅದೇ ಗಂಟಲಿನಲ್ಲಿ ಸವಾಲು ಶುರು ಮಾಡಿದೆ. ಎಂಟೋ ಒಂಬತ್ತೋ ಸಾಮಾನು ಆದ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಬಂತು. ತುಂಬಾ ಮಂಡಕ್ಕಿ. ಕೈ ಹಾಕಿದರೆ ಒಳಗೆ ಮೊಟ್ಟೆ. ಒಡೆಯದಿರಲಿ ಅಂತ ಮಂಡಕ್ಕಿಯ ಮಧ್ಯೆ ಹೂತಿಟ್ಟಿದ್ದರು. ಆದರೂ ಒಂದು ಒಡೆದು ಅಂಟಾಗಿತ್ತು. ಉಳಿದಿದ್ದು ನಾಲ್ಕು.

ನನಗೆ ಹುಮ್ಮಸ್ಸು ಬಂದುಬಿಟ್ಟಿತು. "ನಾಲ್ಕು ಮೊಟ್ಟೆ ತಗೊಂಡರೆ ಮಂಡಕ್ಕಿ ಫ್ರೀ! ದಾವಣಗೆರೆ ಸ್ಪೆಷಲ್ ಎಗ್ ಮಂಡಕ್ಕಿ! ಯಾರ್ರೀ ಹತ್ತು ರೂಪಾಯಿ?" ಅಂತ ಮೈಕಿನಲ್ಲಿ ಕೂಗಿದೆ. ಅಂಗಳವೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ಒಬ್ಬ ಅವ್ವ ಸೆರಗು ಬಾಯಿಗಿಟ್ಟುಕೊಂಡು ತಾನೂ ನಕ್ಕರು. ಮೊಟ್ಟೆ ಅವರದು ಅಂತ ಆಗ ನನಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಒಬ್ಬರು "ಐನೂರು!" ಅಂದರು. ಚಪ್ಪಾಳೆ ಬಿತ್ತು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ. ಅವರ ಹೆಸರು ಮೈಕಿನಲ್ಲಿ ಮೂರು ಸಲ ಹೇಳಿದೆ. ಮುಂದಿನ ಸಾಮಾನು ನಿಮ್ಮ ಕುಂಬಳಕಾಯಿ.

ಸಂಜೆ ಕುರ್ಚಿ ಎತ್ತಿಡುವಾಗ ಮೇಜಿನ ಕೆಳಗೆ ಆ ಕವರ್ ಬಿದ್ದಿತ್ತು. ಐನೂರು ಕೊಟ್ಟವರು ಮೊಟ್ಟೆ ಅಲ್ಲೇ ಬಿಟ್ಟು ಹೋಗಿದ್ದರು. ಒಡೆದ ಮೊಟ್ಟೆ ಅಂಟಿದ ಮಂಡಕ್ಕಿಗೆ ಇರುವೆ ಮುತ್ತಿದ್ದವು. ನಾಲ್ಕನ್ನೂ ತೊಳೆದು ಮನೆಗೆ ತಂದು ಫ್ರಿಡ್ಜಿನಲ್ಲಿಟ್ಟೆ. ಯಾರದು ಅಂತ ನಮ್ಮ ಮನೆಯವಳು ಕೇಳಿದಳು. ಹೇಳುವುದಕ್ಕೆ ನನಗೆ ಗೊತ್ತಿದ್ದರಲ್ಲವೇ? ಕೊಂಡವರ ಹೆಸರು ಮೂರು ಸಲ ಕೂಗಿದ್ದೆ. ತಂದವರ ಹೆಸರು ಕೇಳಿಯೇ ಇರಲಿಲ್ಲ.

ವಿಚಾರಿಸಿ, ಎರಡು ದಿನ ಬಿಟ್ಟು ಹುಡುಕಿಕೊಂಡು ಹೋದೆ. ಆ ಅವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಬೆಳಗಿನ ಹೊತ್ತು. ಗೋಡೆಯೆಲ್ಲ ಹೊಗೆಗೆ ಕಪ್ಪಾಗಿದೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಚಟ ಅಂತ ಅರಳಿ ಬಾಣಲೆ ತುಂಬ ಬೆಳ್ಳಗಾಗುತ್ತದೆ. ಅದನ್ನು ಜರಡಿಗೆ ಹಾಕಿ ಆಡಿಸಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಆ ಝಳಕ್ಕೆ ನನಗೆ ಐದು ನಿಮಿಷ ನಿಲ್ಲಲಾಗಲಿಲ್ಲ.

"ಬಾರಪ್ಪಾ ಕಂಡಕ್ಟ್ರಪ್ಪಾ, ಏನು ಇಷ್ಟು ದೂರ?" ಅಂದರು. ಜಗಳೂರು ಬಸ್ಸಿನಲ್ಲಿ ನೋಡಿದ ನೆನಪಂತೆ. ಮೊಟ್ಟೆಯ ಮಾತು ತೆಗೆದೆ. ಅವರು ಹೇಳಿದ್ದು ಇಷ್ಟು. ಹೋದ ವರ್ಷ ಕೊಕ್ಕರೆ ರೋಗ ಬಂದು ಸಾಕಿದ ಕೋಳಿಯೆಲ್ಲ ಸತ್ತವು. ಒಂದು ಹ್ಯಾಟೆ ಉಳಿಯಿತು. ಅದು ಮೊಟ್ಟೆ ಇಟ್ಟರೆ ಮೊದಲ ಐದು ಸ್ವಾಮಿಗೆ ಅಂತ ಹರಕೆ ಹೊತ್ತಿದ್ದರು. ಸರಿಯಾಗಿ ಹಬ್ಬದ ಹಿಂದಿನ ವಾರ ಇಡಲು ಶುರು ಮಾಡಿತು. ಐದೂ ಆಗುವ ತನಕ ಒಂದನ್ನೂ ಮುಟ್ಟಲಿಲ್ಲ. ಒಂದು ಸಿಟಿ ಬಸ್ಸಿನಲ್ಲಿ ಒಡೆಯಿತು. ಅದಕ್ಕೆ ಬದಲು ಆರನೆಯದನ್ನು ಎತ್ತಿಟ್ಟಿದ್ದಾರಂತೆ.

ಸಂಪಾದಕರೇ, ಸಾಮಾನು ತುಂಬಿದ್ದ ಆ ಅಂಗಳದಲ್ಲಿ ಮೊದಲ ಫಲ ಅಂತ ನಿಜವಾಗಿ ಇದ್ದದ್ದು ಅದೊಂದೇ ಇರಬೇಕು. ನಾವು ಪೇಟೆಯವರು. ತರಕಾರಿ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಕೊಂಡದ್ದನ್ನೇ ಪೀಠದ ಮುಂದೆ ಇಡುತ್ತೇವೆ, ಮಧ್ಯಾಹ್ನ ಅದನ್ನೇ ಹತ್ತು ಪಟ್ಟಿಗೆ ಕೂಗುತ್ತೇವೆ. ನಾನು ಇಟ್ಟಿದ್ದೂ ಮಾರ್ಕೆಟ್ಟಿನ ಎರಡು ಹೂಕೋಸು.

ತನ್ನಲ್ಲಿದ್ದ ಎರಡೇ ಕಾಸನ್ನು ಕಾಣಿಕೆಗೆ ಹಾಕಿ, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅಂತ ಯೇಸುವಿನಿಂದ ಅನ್ನಿಸಿಕೊಂಡ ಬಡ ವಿಧವೆಯ ಕಥೆ ನಮಗೆಲ್ಲ ಬಾಯಿಪಾಠ. ಬಾಯಿಪಾಠ ಆಗಿರುವುದೇ ತೊಂದರೆ. ಇನ್ನೊಂದು ಮಾತು ಅಷ್ಟು ಬಾಯಿಪಾಠ ಇಲ್ಲ. ಮಗು ಯೇಸುವನ್ನು ದೇವಾಲಯಕ್ಕೆ ಕರೆದುಕೊಂಡು ಹೋದಾಗ ಮರಿಯಳು, ಯೋಸೇಫ ಕಾಣಿಕೆಗೆ ಹಕ್ಕಿ ತಂದರು ಅಂತ ಸುವಾರ್ತೆಯಲ್ಲಿ ಲೂಕ ಬರೆಯುತ್ತಾನೆ. ಒಂದು ಜೊತೆ ಬೆಳವಕ್ಕಿ, ಇಲ್ಲವೇ ಎರಡು ಪಾರಿವಾಳದ ಮರಿ. ಯಾಜಕಕಾಂಡ ತೆಗೆದು ನೋಡಿದರೆ ಅದು ಕುರಿಮರಿ ತರುವುದಕ್ಕೆ ಆಗದವರಿಗೆ ಬಿಟ್ಟುಕೊಟ್ಟ ಕಾಣಿಕೆ. ಅವತ್ತು ಅಲ್ಲಿ ನನ್ನಂಥವನೊಬ್ಬ ಮೈಕು ಹಿಡಿದಿದ್ದರೆ ಆ ಹಕ್ಕಿಗಳ ಮೇಲೂ ಒಂದು ಜೋಕು ಹಾರಿಸುತ್ತಿದ್ದ.

2023ರ ಹಬ್ಬವೂ ನೆನಪಾಗುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ ಅದು. ಜಗಳೂರು ಕಡೆಯ ರೈತರೊಬ್ಬರು ತೆನೆ ಕಟ್ಟದ ಮೆಕ್ಕೆಜೋಳದ ನಾಲ್ಕು ದಂಟು ತಂದು ಪೀಠದ ಮುಂದೆ ಇಟ್ಟು ಮೊಣಕಾಲೂರಿದರು. ತುಂಬಾ ಹೊತ್ತು ಏಳಲಿಲ್ಲ. ಹಿಂದೆ ಸಾಲು ನಿಂತಿತ್ತು, ಯಾರೂ ಬೇಗ ಅನ್ನಲಿಲ್ಲ. ಅಂಜೂರ ಚಿಗುರದಿದ್ದರೂ ಹೊಲ ಬೆಳೆ ಕೊಡದಿದ್ದರೂ ದೇವರಲ್ಲಿ ಸಂತೋಷಪಡುತ್ತೇನೆ ಅಂತ ಬೈಬಲ್ಲಿನಲ್ಲಿ ಪ್ರವಾದಿ ಹಬಕ್ಕೂಕ ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೇನೆ. ಅದನ್ನು ಮಾಡುವವರನ್ನು ನೋಡಿದ್ದು ಅದೊಂದೇ ಸಲ. ಆ ದಂಟನ್ನು ಹರಾಜಿಗೆ ಇಡಲಿಲ್ಲ. ಯಾರು ಕೊಳ್ತಾರೆ? ಸಂಜೆ ಎಲ್ಲ ಖಾಲಿಯಾದ ಮೇಲೂ ಪೀಠದ ಮುಂದೆ ಉಳಿದದ್ದು ಅದು ಮಾತ್ರ.

ಹರಾಜು ಬೇಡ ಅಂತ ನಾನು ಹೇಳುತ್ತಿಲ್ಲ. ಆ ದುಡ್ಡು ಬೇಕು. ಆದರೆ ಮುಂದಿನ ವರ್ಷದಿಂದ ಕೊಂಡವರ ಹೆಸರನ್ನು ಮೈಕಿನಲ್ಲಿ ಕೂಗುವುದಿಲ್ಲ ಅಂತ ಸಭಾ ಸಮಿತಿಗೆ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಕಾಣಿಕೆ ಇಡುವಾಗ ಬೇಕಾದವರು ಇದು ಹೇಗೆ ಬಂತು ಅಂತ ಎರಡು ಮಾತು ಹೇಳಲಿ ಅಂತಲೂ ಕೇಳಿದ್ದೇನೆ. ಹಾಗೆ ಮಾಡಿದರೆ ಸವಾಲು ಕಡಿಮೆ ಹೋಗುತ್ತದೆ ಅಂತ ಖಜಾಂಚಿ ಗೊಣಗುತ್ತಿದ್ದಾರೆ. ಹೋಗಬಹುದು. ನಿಮ್ಮಲ್ಲಿ ಒಂದು ವಿನಂತಿ, ಮುಂದಿನ ಸಲ ವರದಿಗಾರರನ್ನು ಮಧ್ಯಾಹ್ನದ ಬದಲು ಬೆಳಿಗ್ಗೆ ಕಳಿಸಿ.

ಭಟ್ಟಿಯಲ್ಲಿ ಇನ್ನೊಂದು ಮಾತು ಕೇಳಿದ್ದೆ. ಬೆಳಿಗ್ಗೆ ನಾಲ್ಕಕ್ಕೇ ಕೆಲಸಕ್ಕೆ ಬರ್ತೀರಲ್ಲ ಅವ್ವಾ, ಪ್ರಾರ್ಥನೆ ಯಾವಾಗ ಅಂತ.

"ಇಲ್ಲೇ. ಒಂದು ಜರಡಿಗೆ ಒಬ್ಬರ ಹೆಸರು. ಬೆಂಕಿ ಮುಂದೆ ಕಣ್ಣು ಮುಚ್ಚಿದ್ರೆ ಕೈ ಸುಡ್ತತಿ, ಕಣ್ಣು ಬಿಟ್ಕಂಡೇ ಮಾಡ್ತೀನಿ. ನಿನ್ನ ಹೆಸರೂ ಬರ್ತತಿ. ಆ ಗಂಟಲು ಚೆನ್ನಾಗಿ ಇಟ್ಟಿರು ಸ್ವಾಮಿ ಅಂತ."

ನಾನು ಕ್ಷಮೆ ಕೇಳಲೆಂದೇ ಹೋದವನು. ಬಾಯಿ ತೆರೆಯುವ ಮೊದಲೇ ಅವರು ಕೇಳಿದರು. "ಐನೂರು ಕೊಟ್ಟ ಪುಣ್ಯಾತ್ಮ ಮೊಟ್ಟೆ ಮಕ್ಕಳಿಗೆ ಬೇಯಿಸಿ ಕೊಟ್ನಂತಾ?"

"ಹೂಂ ಅವ್ವಾ, ತಿಂದರಂತೆ" ಅಂದುಬಿಟ್ಟೆ.

ಮನೆಗೆ ಬಂದು ನಾಲ್ಕನ್ನೂ ಬೇಯಿಸಿ ಓಣಿಯ ಮಕ್ಕಳಿಗೆ ಕೊಟ್ಟೆ. ಸುಳ್ಳು ಅಷ್ಟಾದರೂ ಕಡಿಮೆಯಾಗಲಿ ಅಂತ.

ನಿಮ್ಮ ನಿಯಮದಂತೆ ನನ್ನ ಹೆಸರು, ವಿಳಾಸ ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಅಚ್ಚು ಮಾಡುವುದು ಬೇಡ. ಆ ಅವ್ವನಿಗೆ ಓದು ಬಾರದು. ಆದರೆ ಭಟ್ಟಿಯಲ್ಲಿ ಪೇಪರ್ ಓದಿ ಹೇಳುವವರಿದ್ದಾರೆ. ಅವರೂ ಓದದಿದ್ದರೆ ನಾಲ್ಕು ದಿನಕ್ಕೆ ಇದೇ ಪುಟ ಮಂಡಕ್ಕಿ ಪೊಟ್ಟಣವಾಗಿ ಅಲ್ಲಿಗೇ ಬರುತ್ತದೆ. ಮೊಟ್ಟೆ ಏನಾಯಿತು ಅಂತ ಅವರಿಗೆ ಹಾಗಾದರೂ ಗೊತ್ತಾಗಲಿ. ನಾನು ಇನ್ನೊಂದು ಸಲ ಹೋಗುತ್ತೇನೆ.

ಇಂತಿ,
ಒಬ್ಬ ನಿವೃತ್ತ ಬಸ್ ಕಂಡಕ್ಟರ್,
ದಾವಣಗೆರೆ