ಹಳೆಯ ಎಂಬಾಸರಿಗೂ ತಿಳಿಯುವ ಬ್ರೈಲ್ ಕಡತ ಕೊಡಿ

ಮಾನ್ಯ ಸಂಪಾದಕರೇ,

ನಾನು ಅಂಧ ಮಕ್ಕಳಿಗೆ ಕನ್ನಡ ಕಲಿಸುವ ಶಿಕ್ಷಕಿ. ಈಚೆಗೆ ನಮಗೆ ಬಂದ ಬ್ರೈಲ್ ಪಾಠವೊಂದರ ಕಡತವನ್ನು ಶಾಲೆಯ ಹಳೆಯ ಎಂಬಾಸರಿಗೆ, ಅಂದರೆ ಹಾಳೆಯ ಮೇಲೆ ಬ್ರೈಲ್ ಚುಕ್ಕಿಗಳನ್ನು ಉಬ್ಬಾಗಿ ಒತ್ತುವ ಯಂತ್ರಕ್ಕೆ, ಕಳಿಸಿದೆವು. ಹೊರಬಂದ ಹಾಳೆಯ ಮೇಲೆ ಬೆರಳಾಡಿಸಿದ ವಿದ್ಯಾರ್ಥಿನಿ, 'ಮಿಸ್, ಬರೀ ಥಥಥಥ ಅಂತಿದೆ' ಎಂದಳು. ಯಂತ್ರ ಕೆಟ್ಟಿತೆಂದು ಎಲ್ಲರೂ ತೀರ್ಮಾನಿಸಿ, ಹೊಸದಕ್ಕೆ ದಾನಿಗಳನ್ನು ಹುಡುಕುವ ಮಾತೂ ನಡೆಯಿತು. ಯಂತ್ರಕ್ಕೆ ಏನೂ ಆಗಿರಲಿಲ್ಲ.

ಜಗತ್ತಿನ ಲಿಪಿಗಳಿಗೆ ಕಂಪ್ಯೂಟರ್ ಸಂಕೇತಗಳನ್ನು ಗೊತ್ತುಪಡಿಸುವ ಯೂನಿಕೋಡ್‌ನ 1999ರ 3.0 ಆವೃತ್ತಿಯಲ್ಲಿ ಬ್ರೈಲ್‌ಗೆಂದೇ 256 ಸಂಕೇತಗಳಿಗೆ ಜಾಗ ಸಿಕ್ಕಿತು. ನಮಗೆ ಬಂದ ಕಡತವನ್ನು ಮೊದಲು ಸಿದ್ಧಪಡಿಸಿದ್ದು ಆ ಸಂಕೇತಗಳಲ್ಲಿ. ಆದರೆ ಹಳೆಯ ಎಂಬಾಸರುಗಳಿಗೆ ಗೊತ್ತಿರುವುದು ಬ್ರೈಲ್ ಆಸ್ಕಿ, ಅಂದರೆ ಆರು ಚುಕ್ಕಿಗಳ 64 ಜೋಡಣೆಗಳಿಗೆ ಕೀಲಿಮಣೆಯ 64 ಸಾಮಾನ್ಯ ಅಕ್ಷರ, ಚಿಹ್ನೆಗಳನ್ನು ಒಂದಕ್ಕೊಂದರಂತೆ ಹೊಂದಿಸಿದ ಏರ್ಪಾಡು. ನಮ್ಮ ಕಡತವನ್ನು ಯಾರೋ ವಿಂಡೋಸ್‌ನ ಹಳೆಯ ಸಂಕೇತಕ್ರಮದಲ್ಲಿ ಉಳಿಸಿದ್ದರಿಂದ ಪ್ರತಿಯೊಂದು ಬ್ರೈಲ್ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಆ ಚಿಹ್ನೆಗೆ ಎಂಬಾಸರ್ ಒತ್ತುವುದು 1, 4, 5, 6ನೇ ಚುಕ್ಕಿಗಳನ್ನು, ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಅದೇ 'ಥ'. ಹುಡುಗಿ ಓದಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪರಿಹಾರಕ್ಕೆ ಹಣ ಬೇಕಿಲ್ಲ, ಕಡತ ಬ್ರೈಲ್ ಆಸ್ಕಿಯಲ್ಲಿದ್ದರೆ ಸಾಕು. 'ಕನ್ನಡ' ಎಂಬ ಪದವನ್ನೇ ನೋಡಿ: ಭಾರತಿ ಬ್ರೈಲ್‌ನಲ್ಲಿ ಅರ್ಧಾಕ್ಷರದ ಗುರುತು ವ್ಯಂಜನಕ್ಕಿಂತ ಮೊದಲೇ ಬರುವುದರಿಂದ, ಬ್ರೈಲ್ ಆಸ್ಕಿಯಲ್ಲಿ ಅದು ಇಂಗ್ಲಿಷಿನ ಕೆ, ಇಮೇಲ್ ವಿಳಾಸದಲ್ಲಿ ಬರುವ ಅಟ್ ಚಿಹ್ನೆ, ಎರಡು ಎನ್, ಕೊನೆಗೊಂದು ಡಾಲರ್ ಚಿಹ್ನೆ. ಕಣ್ಣಿಗೆ ಅರ್ಥಹೀನವೆನಿಸುವ ಈ ಐದು ಚಿಹ್ನೆಗಳನ್ನು ಹಳೆಯ ಯಂತ್ರ ಕರಾರುವಾಕ್ಕಾಗಿ ಐದು ಬ್ರೈಲ್ ಅಕ್ಷರಗಳಾಗಿ ಒತ್ತುತ್ತದೆ. ಪಠ್ಯವನ್ನು ಬ್ರೈಲ್‌ಗೆ ಪರಿವರ್ತಿಸುವ, ಉಚಿತವಾಗಿ ಸಿಗುವ ಲಿಬ್‌ಲೂಯಿ ತಂತ್ರಾಂಶದಲ್ಲಿ ಕನ್ನಡದ ಪರಿವರ್ತನಾ ಕೋಷ್ಟಕವೂ ಇದೆ, ಫಲಿತಾಂಶವನ್ನು ಬ್ರೈಲ್ ಆಸ್ಕಿಯಲ್ಲೇ ಪಡೆಯುವ ಸೌಲಭ್ಯವೂ ಇದೆ. ಮೂಲ ಪಾಠವನ್ನು ಯೂನಿಕೋಡ್ ಕನ್ನಡದಲ್ಲಿ ತರಿಸಿಕೊಂಡು ನಾವು ಹಾಗೆಯೇ ಮಾಡಿದೆವು. ಹಾಳೆ ಸರಿಯಾಗಿ ಬಂತು, ಆದರೆ ಸಾಲುಗಳು ಅಡ್ಡಾದಿಡ್ಡಿ ಮುರಿದಿದ್ದವು: ಸಾಲಿಗೆ 40 ಅಕ್ಷರ, ಪುಟಕ್ಕೆ 25 ಸಾಲು ಎಂಬುದು ದೊಡ್ಡ ಬ್ರೈಲ್ ಹಾಳೆಯ ರೂಢಿ, ನಮ್ಮಲ್ಲಿದ್ದ ಎ4 ಹಾಳೆಯಲ್ಲಿ ಅಷ್ಟು ಹಿಡಿಸುವುದಿಲ್ಲ. ಸಾಲಿನ ಅಳತೆ ಬದಲಿಸಿದ ಮೇಲೆ ಅದೂ ಸರಿಹೋಯಿತು.

ಬ್ರೈಲ್ ಪಠ್ಯ ಸಿದ್ಧಪಡಿಸಿ ಹಂಚುವ ಇಲಾಖೆಗಳಲ್ಲಿ, ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟೇ. ಯೂನಿಕೋಡ್ ಬ್ರೈಲ್ ಕಡತದ ಜೊತೆಗೆ ಬಿಆರ್‌ಎಫ್ ಎಂದು ಕರೆಯುವ ಬ್ರೈಲ್ ಆಸ್ಕಿ ಕಡತವನ್ನೂ, ತಿದ್ದಿದ ಮೂಲ ಕನ್ನಡ ಪಠ್ಯವನ್ನೂ ಕೊಡಬೇಕು. ಸಾಲಿಗೆ ಎಷ್ಟು ಅಕ್ಷರ, ಪುಟಕ್ಕೆ ಎಷ್ಟು ಸಾಲು ಎಂಬುದನ್ನು ಕಡತದ ಹೆಸರಿನಲ್ಲೇ ನಮೂದಿಸಬೇಕು. ಶಾಲೆಗಳವರು ಕೂಡ ಹಳೆಯ ಎಂಬಾಸರನ್ನು ಗುಜರಿಗೆ ಹಾಕುವ ಮೊದಲು, ಒಂದೇ ಒಂದು ಸಾಲಿನ ಬ್ರೈಲ್ ಆಸ್ಕಿ ಪಠ್ಯವನ್ನು ಅದಕ್ಕೆ ಕಳಿಸಿ, ಹಾಳೆಯನ್ನು ಬ್ರೈಲ್ ಬಲ್ಲವರ ಕೈಗೆ ಕೊಟ್ಟು ಓದಿಸಬೇಕು.

ಇತಿ,
ಒಬ್ಬ ವಿಶೇಷ ಶಿಕ್ಷಕಿ, ಹಾಸನ