ಎರೆಹೊಲದ ವಿಷಯವಾಗಿ ಅಪ್ಪನವರಿಗೆ

ಸ್ಟುಟ್‌ಗಾರ್ಟ್, ಭಾನುವಾರ ಸಂಜೆ

ತೀರ್ಥರೂಪ ಅಪ್ಪನವರಿಗೆ ಈರಣ್ಣನ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅವ್ವ, ಕಾಕಾ, ಶಿವಲೀಲಾ ಎಲ್ಲರ ಕ್ಷೇಮಸಮಾಚಾರ ತಿಳಿಸಬೇಕು.

ನಿಮ್ಮ ಕಾಗದ ಗುರುವಾರ ಕೈಸೇರಿತು. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ನನ್ನ ತಮ್ಮ ಮಂಜು ನಿಮ್ಮ ಪಕ್ಕದಲ್ಲೇ ಕುಳಿತಿರುವಾಗ ಈ ಮಾತು ಆಡಲು ನನಗೂ ಮನಸ್ಸಿಲ್ಲ. ಆದ್ದರಿಂದ ಬರೆದೇ ತಿಳಿಸುತ್ತಿದ್ದೇನೆ. ಹಳ್ಳದ ದಂಡೆಯ 4 ಎಕರೆ ಎರೆಹೊಲ ಮಾರಿ, ಅವನನ್ನು ಜರ್ಮನಿಗೆ ಕಳಿಸಲು ಏಜೆಂಟನೊಬ್ಬನಿಗೆ 14 ಲಕ್ಷ ಕೊಡುವ ಮಾತುಕತೆ ನಡೆದಿದೆ ಎಂದು ಓದಿದಾಗಿನಿಂದ ನನಗೆ ನಿದ್ದೆ ಹತ್ತಿಲ್ಲ. ಸಂಚಕಾರ ತೆಗೆದುಕೊಂಡಿಲ್ಲ ತಾನೆ? ತೆಗೆದುಕೊಂಡಿದ್ದರೆ ದಯವಿಟ್ಟು ತಿರುಗಿ ಕೊಟ್ಟುಬಿಡಿರಿ. ಏನಾದರೂ ಕಳೆದುಕೊಳ್ಳಬೇಕಾಗಿ ಬಂದರೆ ಆ ಹಣ ನಾನು ಕಳಿಸುತ್ತೇನೆ.

ಮಂಜು ಐಟಿಐ ಫಿಟ್ಟರ್ ಮುಗಿಸಿದ ಹುಡುಗ. ಇಲ್ಲಿ ಕಸುಬು ಕಲಿಸುವ ಪದ್ಧತಿಗೆ ಔಸ್‌ಬಿಲ್ಡುಂಗ್ ಎನ್ನುತ್ತಾರೆ: ವಾರದಲ್ಲಿ ಮೂರು-ನಾಲ್ಕು ದಿನ ಕಾರ್ಖಾನೆ, ಉಳಿದ ಒಂದೆರಡು ದಿನ ಶಾಲೆ, ಹೀಗೆ ಮೂರು-ಮೂರೂವರೆ ವರ್ಷ. ಕಲಿಯುವ ಹುಡುಗನಿಗೆ ಕಾರ್ಖಾನೆಯೇ ತಿಂಗಳಿಗೆ ಭತ್ಯೆ ಕೊಡುತ್ತದೆಯೇ ಹೊರತು ಅವನಿಂದ ಏನೂ ಕಟ್ಟಿಸಿಕೊಳ್ಳುವುದಿಲ್ಲ. ಕಾಲೇಜಿಗೇ ಹೋಗುತ್ತೇನೆಂದರೂ ಈ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ನಮ್ಮಂಥ ಹೊರದೇಶದವರಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ. ಹೀಗಿರುವಾಗ 14 ಲಕ್ಷ ಯಾವುದರ ಲೆಕ್ಕ? ಅವನಿಗೆ ಬೇಕಾಗಿರುವುದು ಜರ್ಮನ್ ಭಾಷೆ, ಬಿ1 ಎಂಬ ನಡುಮಟ್ಟದ್ದಾದರೂ. ಅದನ್ನು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಎಲ್ಲಿ ಚೆನ್ನಾಗಿ ಕಲಿಸುತ್ತಾರೆಂದು ವಿಚಾರಿಸಲಿ, ಫೀ ನನ್ನದು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಹಣದ ಮಾತಲ್ಲ. ‘ನಮ್ಮ ಸೀಮ್ಯಾಗ ಏನೈತಿ, ಇದ್ದದ್ದೆಲ್ಲಾ ಬೆಂಗಳೂರಿಗೆ ಹೋತು’ ಎಂದು ಅವನು ಅಂದನೆಂದೂ ಅದಕ್ಕೆ ನಿಮ್ಮ ಹತ್ತಿರ ಉತ್ತರವಿರಲಿಲ್ಲವೆಂದೂ ನೀವು ಬರೆದ ಸಾಲು. ಅವನದು ತಪ್ಪಲ್ಲ. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತು; ಇಂದಿಗೂ ರಾಜ್ಯದ ಉತ್ಪನ್ನದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯದೇ. ನೀವು ಹೆಮ್ಮೆಯಿಂದ ಬರೆದ ಹುಬ್ಬಳ್ಳಿಯ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಸಂಗತಿಯನ್ನು ನಾನು ಇಲ್ಲಿಯ ಸಹೋದ್ಯೋಗಿಗಳಿಗೆ ಹೇಳಿದೆ, ಅವರು ನಂಬಲಿಲ್ಲ. ಈ ಶಿಸ್ತಿನ ದೇಶದಲ್ಲಿ ಸ್ಟುಟ್‌ಗಾರ್ಟಿನ ಹೊಸ ರೈಲು ನಿಲ್ದಾಣದ ಕೆಲಸ 2010ರಲ್ಲಿ ಶುರುವಾದದ್ದು ವಾಯಿದೆಯ ಮೇಲೆ ವಾಯಿದೆ ಕಾಣುತ್ತ ಬಂದಿದೆ ಎಂದು ನಾನೂ ಬಿಡದೆ ಹೇಳಿದೆ. ಆದರೆ ಅಷ್ಟುದ್ದದ ಪ್ಲಾಟ್‌ಫಾರ್ಮಿನಿಂದ ನಮ್ಮ ಹುಡುಗರೇ ಬೆಂಗಳೂರಿನ ಗಾಡಿ ಹತ್ತುತ್ತಾರೆ ಎಂಬುದು ಮಂಜುನ ವಾದವಾದರೆ ಅದಕ್ಕೆ ನಾನೇನು ಹೇಳಲಿ!

ಈ ವುರ್ಟೆಂಬರ್ಗ್ ಸೀಮೆ ಇಂದು ಕಾರು, ಯಂತ್ರಗಳಿಗೆ ಜಗತ್ತಿಗೆಲ್ಲ ಹೆಸರಾಗಿದೆ. ಆದರೆ 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಇಲ್ಲಿ ಬೇಸಿಗೆಯೇ ಬಾರದೆ ಬೆಳೆ ಕೊಳೆತು ಹೋದಾಗ, ಈ ಜನವೂ ಇದ್ದಬದ್ದದ್ದನ್ನು ಮಾರಿ ರಷ್ಯಾಕ್ಕೆ, ಅಮೆರಿಕಕ್ಕೆ ಗುಳೆ ಹೋದರು. ಆ ಬರದ ಬೆನ್ನಿಗೇ, 1818ರಲ್ಲಿ, ಹೋಹೆನ್‌ಹೈಮಿನಲ್ಲಿ ಕೃಷಿ ಶಾಲೆ, ಬಡವರಿಗೆ ಉಳಿತಾಯ ಬ್ಯಾಂಕು, ಕಾನ್‌ಸ್ಟಾಟಿನಲ್ಲಿ ಕೃಷಿ ಮೇಳ ಆರಂಭವಾದವು. ಮೇಳ ಈಗಲೂ ವರ್ಷವರ್ಷವೂ ನಡೆಯುತ್ತದೆ. ನಮ್ಮ ಧಾರವಾಡದ ಮೇಳದ ಹಾಗೆ ಬೀಜ, ಕೂರಿಗೆ ನೋಡಬಹುದೆಂದು ಹೋದರೆ ಬೆಂಚಿನ ಮೇಲೆ ನಿಂತು ಬೀರು ಕುಡಿಯುವವರ ಜಾತ್ರೆ ಕಂಡೆ. ಕಾಳು, ಹಣ್ಣುಗಳಿಂದ ಸಿಂಗರಿಸಿದ ಎತ್ತರದ ಕಂಬವೊಂದು ಮಾತ್ರ ಹಳೆಯದನ್ನು ನೆನಪಿಸುತ್ತದೆ.

ಇಲ್ಲಿ ಹಳ್ಳಿಹಳ್ಳಿಯಲ್ಲಿ ರೈಫೈಸನ್ ಎಂಬ ಹೆಸರಿನ ಸಹಕಾರಿ ಬ್ಯಾಂಕುಗಳಿವೆ. ಆ ರೈಫೈಸನ್ನನ ಮಾದರಿಯನ್ನು ನೋಡಿಯೇ ನಮ್ಮಲ್ಲಿ 1904ರ ಸಹಕಾರ ಕಾಯಿದೆ ಬಂತು, ಮರುವರ್ಷ ನಮ್ಮ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಸಂಘ ಹುಟ್ಟಿತು. ಅಜ್ಜ ಸಾಲಕ್ಕೆಂದು ಸಂಘದ ಮೆಟ್ಟಿಲು ಹತ್ತುತ್ತಿದ್ದನೆಂದು ನೀವು ಹೇಳುತ್ತಿದ್ದಿರಿ. ನಾವು ಸಾಲಕ್ಕಾಗಿ ಕೂಡಿದೆವು, ಮಾರಾಟಕ್ಕಾಗಿ ಕೂಡಲಿಲ್ಲ ಎಂದು ನನಗೆ ಇಲ್ಲಿಗೆ ಬಂದ ಮೇಲೆ ಅನಿಸಿದೆ.

ಮೆಣಸಿನಕಾಯಿಯನ್ನೇ ನೋಡಿರಿ. ಇಲ್ಲಿಯವರಿಗೆ ಆಲೂಗಡ್ಡೆ ಚಿಪ್ಸ್ ಎಂದರೆ ಪಾಪ್ರಿಕಾ ಚಿಪ್ಸ್. ತಿಂದರೆ ಖಾರವೇ ಇಲ್ಲ, ಬೆರಳಿಗೆ ಮಾತ್ರ ಕೆಂಪು ಹತ್ತುತ್ತದೆ. ಪೊಟ್ಟಣ ತಿರುವಿ ಹಾಕಿ ಸಣ್ಣಕ್ಷರ ಓದಿದೆ: ಬಣ್ಣಕ್ಕೆ ಪಾಪ್ರಿಕಾ ಸಾರ. ಅದು ಬ್ಯಾಡಗಿ ಕಾಯಿಯದೇ ಎಂದು ನಾನು ಹೇಳಲಾರೆ, ಆದರೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ನಮ್ಮ ಕಾಯಿಯ ಗುಣಕ್ಕೆ ಹೊರದೇಶದಲ್ಲಿ ಬೆಲೆ ಇರುವುದು ಇದಕ್ಕಾಗಿಯೇ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರ್ ಓಲಿಯೊರೆಸಿನ್, ಅಂದರೆ ಎಣ್ಣೆಯಂಥ ಗಟ್ಟಿ ಸಾರ, ಇಳಿಯುತ್ತದೆ. ನಮ್ಮ ದೇಶದಲ್ಲಿ ಆ ಉದ್ಯಮದ ದೊಡ್ಡ ಪಾಲು ಕೇರಳದ ಕೊಚ್ಚಿಯ ಸುತ್ತ ಬೆಳೆದಿದೆ. 2011ರಲ್ಲಿ ಬ್ಯಾಡಗಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಹೆಸರು ನಮ್ಮದಾಯಿತು. ಆದರೆ ಚೀಲ ಹೊತ್ತುಕೊಂಡು ಹೋಗಿ ಆ ದಿನದ ದರಕ್ಕೆ ಕೈಯೊಡ್ಡಿ ನಿಲ್ಲುವುದು ತಪ್ಪಲಿಲ್ಲ. 2024ರ ಮಾರ್ಚಿನ ಆ ಸೋಮವಾರ, ದರ ಕುಸಿದು ಪೇಟೆಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದಾಗ, ನೀವು ಚೀಲಗಳನ್ನು ಅಲ್ಲಿಯೇ ಬಿಟ್ಟು ಬಂದಿರಲ್ಲ!

ಯುರೋಪಿಗೆ ಬರುವ ಮೆಣಸಿನಕಾಯಿಯಲ್ಲಿ ಬೂಷ್ಟಿನ ವಿಷ, ಅಫ್ಲಟಾಕ್ಸಿನ್, ಟನ್ನಿಗೆ 10 ಮಿಲಿಗ್ರಾಂ ಮೀರುವಂತಿಲ್ಲ. ಅದು ಒಂದು ಚಿಟಿಕೆ ಉಪ್ಪಿಗಿಂತ ಎಷ್ಟೋ ಕಡಿಮೆ. ನಾವೋ ಬರಿ ನೆಲದ ಮೇಲೆ ಒಣಗಿಸುತ್ತೇವೆ. ಪೇಟೆಗೆ ಹೋಗುವ ಹಿಂದಿನ ರಾತ್ರಿ, ಕಾಯಿ ಮುರಿಯದಿರಲಿ, ತೂಕವೂ ನಿಲ್ಲಲಿ ಎಂದು ಕಾಕಾ ಕೊಡದಿಂದ ಬೊಗಸೆ ಬೊಗಸೆ ನೀರು ಚಿಮುಕಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. (ಕಾಕಾಗೆ ಈ ಸಾಲು ಓದಿ ಹೇಳಬೇಡಿರಿ.) ಹೊಲ ಮಾರುವ ಬದಲು ಅದರಲ್ಲೇ ಒಂದು ಸಿಮೆಂಟಿನ ಕಣ ಹಾಕಿಸಿ, ಓಣಿಯ ಹತ್ತಿಪ್ಪತ್ತು ಮನೆಯವರ ಕಾಯಿ ಒಟ್ಟಿಗೆ ಒಣಗಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ಚೀಟಿ ಸಮೇತ ಮಾರಿದರೆ ವ್ಯಾಪಾರಿಯ ಮುಂದೆ ಮಾತಾಡುವ ಧೈರ್ಯವಾದರೂ ಬಂದೀತು. ಇದರಿಂದ ನಾವು ಸಾಹುಕಾರರಾಗುತ್ತೇವೆಂದು ಹೇಳುತ್ತಿಲ್ಲ. ಮಂಜುಗೆ ಯಂತ್ರದ ಕೈಯಿದೆ. ಒಣಗಿಸುವ, ಪುಡಿ ಮಾಡುವ ಯಂತ್ರ ನೋಡಿಕೊಳ್ಳಲು ಇನ್ನು ಯಾರು ಬೇಕು?

‘ನೀನು ಹೋಗಿ ಕುಳಿತು ನಮಗೆ ಬುದ್ಧಿ ಹೇಳುತ್ತೀಯಾ’ ಎಂದು ಅವನು ಕೇಳಿಯೇ ಕೇಳುತ್ತಾನೆ. ಆದ್ದರಿಂದ ಒಂದು ಸಂಗತಿ ಬರೆಯುತ್ತೇನೆ, ಅವ್ವನಿಗೆ ಹೇಳಬೇಡಿರಿ. ಪೆಟ್ರೋಲ್ ಎಂಜಿನ್ನಿನ ಭಾಗ ಮಾಡುವ ಕಾರ್ಖಾನೆಗಳಿಗೆ ಈಗ ಇಲ್ಲಿ ಕೆಲಸ ಕಡಿಮೆ. ನಮ್ಮಲ್ಲಿಯೂ ಎರಡು ತಿಂಗಳಿಂದ ಶುಕ್ರವಾರ ರಜೆ. ಕಡಿತವಾದ ಸಂಬಳದಲ್ಲಿ 60 ಪ್ರತಿಶತವನ್ನು ಸರಕಾರ ತುಂಬಿಕೊಡುತ್ತದೆ. ನನ್ನ ಕೆಲಸ ಹೋಗಿಲ್ಲ, ಹೋಗುವುದೂ ಇಲ್ಲ, ನೀವು ಎಳ್ಳಷ್ಟೂ ಚಿಂತೆ ಮಾಡಬಾರದು. ಊಟ, ನಿದ್ದೆ ಎಲ್ಲ ಚೆನ್ನಾಗಿದೆ, ಮೊನ್ನೆ ಸ್ವೆಟರ್ ಕೂಡ ಹೊಸದು ಕೊಂಡಿದ್ದೇನೆ. ಮುಂದಿನ ತಿಂಗಳು ಹಣ ಸ್ವಲ್ಪ ಕಡಿಮೆ ಬಂದರೆ ಅದು ಬ್ಯಾಂಕಿನ ದರದ ಏರುಪೇರು ಎಂದು ಮನೆಯಲ್ಲಿ ಹೇಳಿರಿ.

ಧಾರವಾಡದ ಗೆಳೆಯ ನಾಳೆ ನಸುಕಿನ ವಿಮಾನಕ್ಕೆ ಹೊರಟವನು ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾನೆ. ನಿಮ್ಮ ಬಿಪಿ ಗುಳಿಗೆ ಮರೆಯಬೇಡಿರಿ. ಸಂಚಕಾರದ ವಿಷಯ ಮಾತ್ರ ಶಿವಲೀಲಾಳ ಕೈಯಿಂದ ಆದಷ್ಟು ಬೇಗ ಫೋನ್ ಮಾಡಿಸಿರಿ.

ನಿಮ್ಮ
ಈರಣ್ಣ